ಕಾಯುವಿಕೆಯೂ ಕಾಯಕವೂ



ಮಾನವ ಜೀವನದಲ್ಲಿ ಕಾಯುವಿಕೆಯಿಲ್ಲದ ಅವಸ್ಥೆಯೆಂಬುದಿಲ್ಲ. ಒಕ್ಕಲಿಗನು ಬಿತ್ತಿ ಮಳೆಗಾಗಿ ಕಾಯುತ್ತಾನೆ. ತಾಯಿಯು ಗರ್ಭವನ್ನು ಹೊತ್ತು ನವಮಾಸ ಕಾಯುತ್ತಾಳೆ. ಗುರುವು ಪಾಠವನ್ನು ಹೇಳಿ ಶಿಷ್ಯನ ಬುದ್ಧಿಯು ಅರಳುವ ತನಕ ಕಾಯುತ್ತಾನೆ. ಇವುಗಳಿಗೆಲ್ಲ ಒಂದು ಅಳತೆಯುಂಟು. ಅಳತೆ ತಿಳಿದ ಕಾಯುವಿಕೆಯು ಮನಸ್ಸಿಗೆ ಭಾರವಾಗದು. ಅಳತೆ ತಿಳಿಯದ ಕಾಯುವಿಕೆಯೇ ಮನುಷ್ಯನನ್ನು ಒಳಗಿನಿಂದ ತಿನ್ನುವಂಥದು.

ಅಂಥದೊಂದು ಕಾಯುವಿಕೆಯು ಇಂದು ನಮ್ಮ ನಾಡಿನ ಅನೇಕ ಗೃಹಸ್ಥರ ಮನೆಗಳನ್ನು ಹೊಕ್ಕಿದೆ. ಧಾರವಾಡ, ಬೆಳಗಾವಿ, ದಾವಣಗೆರೆ, ತುಮಕೂರು, ಯಾವ ಊರನ್ನಾದರೂ ನೋಡಿರಿ; ಮಗನೋ ಮಗಳೋ ಅಮೇರಿಕ ದೇಶದಲ್ಲಿ ಉದ್ಯೋಗದಲ್ಲಿದ್ದಾರೆ; ಅಲ್ಲಿ ಖಾಯಮ್ಮಾಗಿ ನೆಲಸುವ ಹಕ್ಕಿಗಾಗಿ, ಜನರು ಗ್ರೀನ್ ಕಾರ್ಡ್ ಎಂದು ಕರೆಯುವ ಆ ಪತ್ರಕ್ಕಾಗಿ, ಅರ್ಜಿಯನ್ನು ಹಾಕಿದ್ದಾರೆ; ಹತ್ತು ವರುಷ, ಹನ್ನೆರಡು ವರುಷ ಕಳೆದರೂ ಸರದಿ ಬಂದಿಲ್ಲ. ಅಲ್ಲಿ ಅವರು ತಿಂಗಳು ತಿಂಗಳೂ ದಿನಾಂಕವನ್ನು ನೋಡಿ ನಿಟ್ಟುಸಿರು ಬಿಡುತ್ತಾರೆ. ಇಲ್ಲಿ ವೃದ್ಧರಾದ ತಂದೆತಾಯಿಗಳು “ಈ ವರುಷವಾದರೂ ಆದೀತೇ?” ಎಂದು ಕೇಳುತ್ತಾರೆ. ಇಂಥ ವಿಳಂಬದ ನಡುವೆ ಸದ್ಭಕ್ತನಾದ ಗೃಹಸ್ಥನು ಹೇಗೆ ಬಾಳಬೇಕು? ಇದೇ ಇಂದಿನ ವಿಚಾರ.

ಮೊದಲು ವಿಳಂಬದ ಸ್ವರೂಪವನ್ನು ತಿಳಿಯಬೇಕು. ರೋಗವನ್ನರಿಯದೆ ಮದ್ದನ್ನು ಹೇಳುವುದು ವೈದ್ಯನ ಲಕ್ಷಣವಲ್ಲ. ಅಮೇರಿಕದವರು ೧೯೯೦ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಉದ್ಯೋಗದ ಆಧಾರದ ಮೇಲೆ ವರ್ಷವೊಂದಕ್ಕೆ ಸುಮಾರು ೧,೪೦,೦೦೦ ಮಂದಿಗೆ ಮಾತ್ರ ಖಾಯಂ ವಾಸದ ಹಕ್ಕು ದೊರೆಯುತ್ತದೆ. ಈ ಲೆಕ್ಕದಲ್ಲಿ ಉದ್ಯೋಗಿಯಷ್ಟೇ ಅಲ್ಲ, ಅವನ ಹೆಂಡತಿ ಮಕ್ಕಳೂ ಸೇರುತ್ತಾರೆ. ಇದರ ಮೇಲೆ ಇನ್ನೊಂದು ಕಟ್ಟಳೆಯುಂಟು: ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ನೂರಕ್ಕೆ ಏಳರಷ್ಟನ್ನು ಮೀರಿ ಕೊಡಲಾಗದು. ದೇಶವು ಚಿಕ್ಕದೋ ದೊಡ್ಡದೋ ಎಂಬ ಭೇದವಿಲ್ಲ. ನೂರ ನಲವತ್ತು ಕೋಟಿ ಜನರ ಭಾರತಕ್ಕೂ ಕೆಲವೇ ಲಕ್ಷ ಜನರ ದ್ವೀಪಕ್ಕೂ ಮಿತಿಯು ಒಂದೇ. ಆ ಒಟ್ಟು ಸಂಖ್ಯೆಯಲ್ಲಿ ಒಂದೊಂದು ಮುಖ್ಯ ವರ್ಗಕ್ಕೆ ಬರುವುದು ಸುಮಾರು ೪೦,೦೦೦. ಅದರ ಏಳು ಪಾಲೆಂದರೆ ಸುಮಾರು ೨,೮೦೦. ನಾಲ್ಕು ಜನರ ಸಂಸಾರವೆಂದು ಹಿಡಿದರೆ ಏಳುನೂರು ಮನೆಗಳಿಗೆ ಒಂದು ವರ್ಷದ ಪಾಲು ತೀರಿಹೋಯಿತು. ಬೇರೆ ದೇಶದವರು ಬಳಸದೆ ಬಿಟ್ಟ ಸಂಖ್ಯೆಯು ಕೆಲವು ವರುಷ ನಮ್ಮವರಿಗೆ ಒದಗುವುದುಂಟು. ಆದರೆ ಅದನ್ನು ನೆಚ್ಚುವಂತಿಲ್ಲ.

ದೊಡ್ಡ ಜಾತ್ರೆಯಲ್ಲಿ ಪ್ರಸಾದದ ಮನೆಗೆ ಒಂದೇ ಕಿರುಬಾಗಿಲಿದೆಯೆಂದು ಭಾವಿಸಿರಿ. ಒಳಗೆ ಬಡಿಸುವವನು ಲೋಭಿಯಲ್ಲ. ಹೊರಗೆ ನಿಂತವನು ಪಾಪಿಯಲ್ಲ. ಬಾಗಿಲು ಕಿರಿದು, ನಿಂತವರು ಬಹಳ. ಇಷ್ಟೇ ಸಂಗತಿ. ಅರ್ಜಿಯು ದಾಖಲಾದ ದಿನವೇ ಅವನ ಸರದಿಯ ದಿನಾಂಕ. ಅಲ್ಲಿಯ ಸರಕಾರವು ಪ್ರತಿ ತಿಂಗಳೂ ವೀಸಾ ಬುಲೆಟಿನ್ ಎಂಬ ಪತ್ರಿಕೆಯನ್ನು ಹೊರಡಿಸಿ, ಯಾವ ದಿನಾಂಕದವರೆಗಿನವರು ಒಳಗೆ ಬರಬಹುದೆಂದು ಸಾರುತ್ತದೆ. ಈ ದಿನಾಂಕವು ಮುಂದಕ್ಕೇ ನಡೆಯುವುದೆಂಬ ಭರವಸೆಯೂ ಇಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ ಭಾರತದ ಎರಡನೆಯ ವರ್ಗದ ದಿನಾಂಕವು ೨೦೧೪ರ ಡಿಸೆಂಬರಿಗೆ ತಲಪಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಅದು ೨೦೧೧ರ ಅಕ್ಟೋಬರಿಗೆ ಹಿಂದೆ ಸರಿಯಿತು. ಹೊಸ್ತಿಲವರೆಗೆ ಬಂದವರು ಮರಳಿ ಅಂಗಳಕ್ಕೆ ಹೋಗಿ ನಿಂತರು. ಅವರು ಮಾಡಿದ ತಪ್ಪೇನು? ಏನೂ ಇಲ್ಲ. ಆದಕಾರಣ, ಮಗನ ಕಾಗದವು ಬರಲಿಲ್ಲವೆಂದು ಅವನ ಯೋಗ್ಯತೆಯನ್ನು ಸಂಶಯಿಸಬೇಡಿರಿ. ಸೊಸೆಯ ಕಾಲ್ಗುಣವನ್ನು ಆಡಬೇಡಿರಿ. ಗ್ರಹಗತಿಯನ್ನು ಕೇಳಲು ಹೋಗಬೇಡಿರಿ. ಇದು ಗ್ರಹಗಳ ಲೆಕ್ಕವಲ್ಲ, ಮನುಷ್ಯರು ಹಾಕಿದ ಲೆಕ್ಕ.

ಮನುಷ್ಯರು ಹಾಕಿದ ಲೆಕ್ಕವಾದ್ದರಿಂದಲೇ ಅದು ಬದಲಾಗತಕ್ಕದ್ದು ಎಂಬುದನ್ನೂ ತಿಳಿದಿರಬೇಕು. ೧೯೧೭ರಲ್ಲಿ ಆ ದೇಶವು ಭಾರತೀಯರಿಗೆ ಬಾಗಿಲನ್ನೇ ಮುಚ್ಚಿತು. ೧೯೨೩ರಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಾಲಯವು ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ, ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. ಆ ಥಿಂಡ್ ಅವರು ಅಮೇರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದವರು. ೧೯೪೬ರಲ್ಲಿ ಪೌರತ್ವದ ಹಕ್ಕನ್ನು ಒಪ್ಪಿ, ವರ್ಷಕ್ಕೆ ೧೦೦ ಮಂದಿ ಭಾರತೀಯರು ಬರಬಹುದೆಂದರು. ಇಡೀ ದೇಶಕ್ಕೆ ನೂರೇ ಜನ! ೧೯೬೫ರ ಕಾನೂನು ಹುಟ್ಟಿದ ದೇಶವನ್ನು ನೋಡಿ ಪಾಲು ಹಂಚುವ ಹಳೆಯ ಪದ್ಧತಿಯನ್ನು ತೆಗೆದುಹಾಕಿತು. ಆ ಬಳಿಕವೇ ನಮ್ಮ ವೈದ್ಯರೂ ಇಂಜಿನಿಯರರೂ ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋದುದು. ಮುಚ್ಚಿದ ಬಾಗಿಲು ತೆರೆಯಿತು, ತೆರೆದ ಬಾಗಿಲು ಕಿರಿದಾಯಿತು. ಇಂದು ಕಾಯುವವರು ಈ ಕಥೆಯನ್ನು ನೆನೆದರೆ ಹತಾಶೆಗೂ ಎಡೆಯಿಲ್ಲ, ಅತಿಯಾಸೆಗೂ ಎಡೆಯಿಲ್ಲ.

ಇನ್ನು ಕರ್ತವ್ಯದ ವಿಚಾರ. ವಿಳಂಬವು ಎರಡು ಬಗೆ. ಒಂದು ಸಂಖ್ಯೆಯ ವಿಳಂಬ. ಅದು ನಮ್ಮ ಕೈಯಲ್ಲಿಲ್ಲ. ಇನ್ನೊಂದು ಕಛೇರಿಯ ವಿಳಂಬ. ಸರದಿ ಬಂದಿದ್ದರೂ ಕಡತವು ಮೇಜಿನ ಮೇಲೆ ಕುಳಿತಿರುವುದು. ಇದಕ್ಕೆ ಉಪಾಯಗಳುಂಟು. ಪ್ರತಿ ನಮೂನೆಗೂ ಸಾಮಾನ್ಯವಾಗಿ ಎಷ್ಟು ಕಾಲ ಹಿಡಿಯುವುದೆಂದು ಆ ಕಛೇರಿಯೇ ಪ್ರಕಟಿಸುತ್ತದೆ. ಆ ಕಾಲ ಮೀರಿದರೆ, ಮೂರು ಅಕ್ಷರ ಹತ್ತು ಅಂಕೆಗಳುಳ್ಳ ರಸೀದಿಯ ಸಂಖ್ಯೆಯನ್ನು ಹೇಳಿ ವಿಚಾರಿಸಬಹುದು. ಆಪತ್ತಿನ ಸಂದರ್ಭವಿದ್ದರೆ, ಭಾರಿ ಹಣದ ನಷ್ಟವೋ ಪ್ರಾಣಾಂತಿಕ ಕಾಯಿಲೆಯೋ ಇದ್ದರೆ, ಆಧಾರಗಳೊಡನೆ ಬೇಗ ನೋಡಿರೆಂದು ಬೇಡಿಕೊಳ್ಳಬಹುದು. ತಾನಿರುವ ಪ್ರದೇಶದ ಲೋಕಪ್ರತಿನಿಧಿಯ ಕಛೇರಿಯ ಮೂಲಕ ವಿಚಾರಣೆ ಮಾಡಿಸಬಹುದು. ಕೊನೆಯ ಉಪಾಯವಾಗಿ, ಕಾನೂನು ಬಲ್ಲವರ ಸಲಹೆಯ ಮೇರೆಗೆ, ಅನುಚಿತ ವಿಳಂಬದ ವಿರುದ್ಧ ನ್ಯಾಯಾಲಯಕ್ಕೆ ಹೋಗಲೂಬಹುದು. ಆದರೆ ಈ ಯಾವ ಉಪಾಯವೂ ಇಲ್ಲದ ಸಂಖ್ಯೆಯನ್ನು ತಂದುಕೊಡದು. ಯಾವ ವಿಳಂಬ ಯಾವುದೆಂದು ಅರಿಯದೆ ಎಲ್ಲ ಕಡೆಗೂ ಓಡಾಡುವವನು ಹಣವನ್ನೂ ನಿದ್ರೆಯನ್ನೂ ಕಳೆದುಕೊಳ್ಳುತ್ತಾನೆ.

ಶರಣರ ಕಾಯಕತತ್ತ್ವವು ಇಲ್ಲಿ ನಮಗೆ ದಾರಿದೀಪ. ಫಲವು ಎಂದು ಬರುವುದೆಂಬುದು ನಮ್ಮ ವಶದಲ್ಲಿಲ್ಲ. ಇಂದಿನ ಕೆಲಸವನ್ನು ಶುದ್ಧವಾಗಿ ಮಾಡುವುದು ನಮ್ಮ ವಶ. ಅರ್ಜಿದಾರನ ಇಂದಿನ ಕೆಲಸವಾವುದು? ತನ್ನ ಕಡತವನ್ನು ತಾನೇ ಕಾಪಾಡುವುದು. ಬಂದ ಪ್ರತಿಯೊಂದು ಪತ್ರದ ನಕಲನ್ನು ಇಟ್ಟುಕೊಳ್ಳುವುದು. ಮನೆ ಬದಲಿಸಿದರೆ ಹತ್ತು ದಿನದೊಳಗೆ ಹೊಸ ವಿಳಾಸವನ್ನು ತಿಳಿಸುವುದು; ಇದು ಅಲ್ಲಿಯ ನಿಯಮ. ತಿಳಿಸದೆ ಹಳೆಯ ಮನೆಗೆ ಹೋದ ಪತ್ರದಿಂದ ಅರ್ಜಿಯೇ ಬಿದ್ದುಹೋಗಬಹುದು. ಹೆಚ್ಚಿನ ಆಧಾರ ಬೇಕೆಂದು ಕೇಳಿದರೆ ಗಡುವಿನೊಳಗೆ ಉತ್ತರ ಕೊಡುವುದು. ಆ ಗಡುವಿಗೆ ವಿಸ್ತರಣೆಯಿಲ್ಲ. ಪಾಸ್‌ಪೋರ್ಟು, ಕೆಲಸದ ಪರವಾನಗಿ, ಇವುಗಳ ಅವಧಿ ತೀರುವ ಮೊದಲೇ ನವೀಕರಿಸುವುದು. ಖಾಯಂ ವಾಸದ ಕೊನೆಯ ಅರ್ಜಿಯು ವಿಚಾರಣೆಯಲ್ಲಿರುವಾಗ ಅನುಮತಿಯಿಲ್ಲದೆ ದೇಶವನ್ನು ಬಿಟ್ಟರೆ, ಕೆಲವು ವೀಸಾದವರನ್ನು ಬಿಟ್ಟು ಉಳಿದವರು ಅರ್ಜಿಯನ್ನೇ ತೊರೆದಂತೆ ಎಣಿಸುವರು. ಆದ್ದರಿಂದ ಪ್ರಯಾಣಕ್ಕೆ ಮುನ್ನ ವಿಚಾರಿಸುವುದು. ನಿಯಮಗಳು ಆಗಾಗ ಬದಲಾಗುವುದರಿಂದ ನೆರೆಯವನ ಮಾತನ್ನು ನೆಚ್ಚದೆ ಅರಿತವರನ್ನು ಕೇಳುವುದು. ಇಷ್ಟನ್ನು ಮಾಡಿದವನು ತನ್ನ ಪಾಲಿನ ಕಾಯಕವನ್ನು ಮುಗಿಸಿದನು. ಮಿಕ್ಕುದನ್ನು ದಿನಕ್ಕೆ ಹತ್ತು ಸಲ ನೋಡುವುದರಿಂದ ದಿನಾಂಕವು ಒಂದು ದಿನವೂ ಮುಂದೆ ಸರಿಯದು.

ವಿಳಂಬವು ದೀರ್ಘವಾದಂತೆ ಪ್ರಲೋಭನೆಯು ಬಲಿಯುತ್ತದೆ. “ಅನುಭವದ ಪತ್ರದಲ್ಲಿ ಎರಡು ವರುಷ ಹೆಚ್ಚು ಬರೆಸೋಣ, ಮೇಲಿನ ವರ್ಗದಲ್ಲಿ ಬೇಗ ಆದೀತು” ಎಂದು ಒಬ್ಬನು ಕಿವಿಯಲ್ಲಿ ಹೇಳುತ್ತಾನೆ. “ಇಷ್ಟು ಹಣ ಕೊಡಿರಿ, ಒಳಗೆ ನಮ್ಮವರಿದ್ದಾರೆ” ಎಂದು ಇನ್ನೊಬ್ಬನು ಹೇಳುತ್ತಾನೆ. ಇಂಥವರನ್ನು ಬಾಗಿಲ ಹೊರಗೇ ನಿಲ್ಲಿಸಿರಿ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಸತಿಯಾದ ಲಕ್ಕಮ್ಮನು ಅದನ್ನು ಒಳಗೆ ಸೇರಿಸದೆ, ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳಲ್ಲವೇ? ಅದು ಕದ್ದ ಅಕ್ಕಿಯೂ ಅಲ್ಲ, ಹೆಚ್ಚಾದ ಅಕ್ಕಿ. ಅಷ್ಟನ್ನೂ ಸಹಿಸದ ಪರಂಪರೆಯಲ್ಲಿ ಹುಟ್ಟಿದವರು ಸುಳ್ಳು ಪತ್ರವನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೇ? ಲೌಕಿಕವಾಗಿ ನೋಡಿದರೂ ಇದು ಆತ್ಮಘಾತ. ಬೇಕೆಂದೇ ಸುಳ್ಳು ಹೇಳಿದನೆಂದು ಆ ಸರಕಾರವು ಒಮ್ಮೆ ನಿರ್ಣಯಿಸಿದರೆ ಜೀವನಪರ್ಯಂತ ಪ್ರವೇಶಕ್ಕೆ ಅನರ್ಹನಾಗಬಹುದು. ವಿನಾಯಿತಿಯು ಕೆಲವರಿಗೆ ಮಾತ್ರ. ಹತ್ತು ವರುಷ ಕಾದುದು ಒಂದು ಸುಳ್ಳಿನಿಂದ ಬೂದಿಯಾಗುವುದು.

ಹಾಗಾದರೆ ಅನ್ಯಾಯವಾದಾಗ ಸುಮ್ಮನಿರಬೇಕೇ? ಹಾಗಲ್ಲ. ಸುಮ್ಮನಿರುವುದು ಬೇರೆ, ಸಮಾಧಾನದಿಂದಿರುವುದು ಬೇರೆ. ೨೦೦೭ರ ಜುಲೈ ತಿಂಗಳಲ್ಲಿ ಬಹುತೇಕ ಎಲ್ಲ ವರ್ಗದ ಉದ್ಯೋಗಿಗಳೂ ಅರ್ಜಿ ಹಾಕಬಹುದೆಂದು ವೀಸಾ ಬುಲೆಟಿನ್ ಮೊದಲೇ ಸಾರಿತ್ತು. ಸಾವಿರಾರು ಜನರು ವೈದ್ಯ ಪರೀಕ್ಷೆ ಮಾಡಿಸಿಕೊಂಡು, ವಕೀಲರಿಗೆ ಹಣ ತೆತ್ತು, ಕಾಗದಗಳನ್ನು ಸಿದ್ಧಪಡಿಸಿದರು. ಆದರೆ ಜುಲೈ ೨ರಂದು, ಸಂಖ್ಯೆಯು ಮುಗಿದಿದೆ, ಅರ್ಜಿಗಳನ್ನು ತೆಗೆದುಕೊಳ್ಳುವುದಿಲ್ಲವೆಂದು ಸರಕಾರವು ಹೇಳಿಬಿಟ್ಟಿತು. ಆಗ ನಮ್ಮ ದೇಶದ ಅರ್ಜಿದಾರರು ಏನು ಮಾಡಿದರು? ಬೈಯಲಿಲ್ಲ, ಕಲ್ಲೆಸೆಯಲಿಲ್ಲ. ಗಾಂಧೀಜಿಯವರ ಮಾರ್ಗವೆಂದು, ವಲಸೆ ಇಲಾಖೆಯ ನಿರ್ದೇಶಕರಾದ ಎಮಿಲಿಯೊ ಗೊನ್ಸಾಲೆಸ್ ಅವರ ಕಛೇರಿಗೆ ನೂರಾರು ಹೂಗುಚ್ಛಗಳನ್ನು ಕಳುಹಿಸಿದರು. ನಿರ್ದೇಶಕರು ಆ ಹೂಗಳನ್ನು ಗಾಯಗೊಂಡ ಸೈನಿಕರಿದ್ದ ಆಸ್ಪತ್ರೆಗೆ ಕಳುಹಿಸಿಕೊಟ್ಟರು. ನ್ಯಾಯಾಲಯದಲ್ಲಿ ದಾವೆಯೂ ಹೂಡಲ್ಪಟ್ಟಿತು. ಅಲ್ಲಿಯ ಜನಪ್ರತಿನಿಧಿಗಳೂ ಪ್ರಶ್ನಿಸಿದರು. ಜುಲೈ ೧೭ರಂದು ಸರಕಾರವು ತನ್ನ ನಿರ್ಧಾರವನ್ನು ಬದಲಿಸಿ, ಆಗಸ್ಟ್ ೧೭ರವರೆಗೆ ಅರ್ಜಿಗಳನ್ನು ಸ್ವೀಕರಿಸಿತು. ಹೂವಿನಿಂದಲೇ ಎಲ್ಲವೂ ಆಯಿತೆಂದು ನಾವು ಹೇಳುವುದಿಲ್ಲ. ದೃಢತೆಯೂ ಸೌಜನ್ಯವೂ ಒಂದೇ ಕೈಯಲ್ಲಿ ಇರಬಲ್ಲವೆಂಬುದಕ್ಕೆ ಇದು ನಿದರ್ಶನ. ವಿಚಾರಣೆಯ ಪತ್ರವನ್ನು ಬರೆಯುವಾಗಲೂ, ದೂರವಾಣಿಯಲ್ಲಿ ಮಾತನಾಡುವಾಗಲೂ ಈ ಭಾವವಿರಲಿ. ಅತ್ತ ಕಡೆ ಕುಳಿತ ಗುಮಾಸ್ತನು ಕಾನೂನನ್ನು ಬರೆದವನಲ್ಲ.

ಈಗ ಮುಖ್ಯವಾದ ಮಾತಿಗೆ ಬರೋಣ. ಕಾಯುವವನಿಗೆ ಬರುವ ದೊಡ್ಡ ಹಾನಿಯಾವುದು? ಕಾಗದವು ತಡವಾಗುವುದಲ್ಲ; ಕಾಗದ ಬಂದ ಮೇಲೆ ಬಾಳೋಣವೆಂದು ಬಾಳನ್ನೇ ಮುಂದೂಡುವುದು. “ಅದಾದ ಮೇಲೆ ತಾಯಿಯನ್ನು ನೋಡಲು ಹೋಗೋಣ, ಅದಾದ ಮೇಲೆ ಮಕ್ಕಳಿಗೆ ಕನ್ನಡ ಕಲಿಸೋಣ, ಅದಾದ ಮೇಲೆ ದಾಸೋಹ” ಎಂದುಕೊಳ್ಳುತ್ತ ಹನ್ನೆರಡು ವರುಷ ಕಳೆಯುತ್ತದೆ. ಕಾಗದವು ಬಂದಾಗ ತಾಯಿಯಿರುವುದಿಲ್ಲ, ಮಗನಿಗೆ ಮೀಸೆ ಬಂದಿರುತ್ತದೆ.

ಮರುಳಶಂಕರದೇವರ ಚರಿತ್ರೆಯನ್ನು ಬಲ್ಲವರು ನೆನೆಯಿರಿ. ದೂರದ ನಾಡಿನಿಂದ ಕಲ್ಯಾಣಕ್ಕೆ ಬಂದ ಆ ಮಹಾನುಭಾವರು ಬಸವಣ್ಣನವರ ಮಹಾಮನೆಯ ಪ್ರಸಾದಕುಂಡದ ಬಳಿ, ಯಾರ ಗಮನಕ್ಕೂ ಬಾರದೆ, ಬಹು ವರುಷಗಳ ಕಾಲ ಇದ್ದರೆಂದು ಶೂನ್ಯಸಂಪಾದನೆಯಿಂದ ತಿಳಿಯುತ್ತದೆ. ಅಲ್ಲಮಪ್ರಭುಗಳು ಬಂದು ಗುರುತಿಸುವ ತನಕ ಅವರು ಯಾರೆಂದು ಊರಿಗೇ ತಿಳಿಯದು. ಗುರುತಿಸಲ್ಪಡದ ಆ ವರುಷಗಳು ಅವರಿಗೆ ವ್ಯರ್ಥವಾದುವೇ? ಆ ವರುಷಗಳೇ ಅವರ ಸಾಧನೆಯಾದುವು. ಪ್ರಭುಗಳು ಗುರುತಿಸಿದುದರಿಂದ ಅವರು ಶರಣರಾದುದಲ್ಲ, ಶರಣರಾಗಿದ್ದುದರಿಂದ ಗುರುತಿಸಲ್ಪಟ್ಟರು. ಪರದೇಶದಲ್ಲಿ ಕಾಗದವಿಲ್ಲದೆ ಕಾಯುವ ನಮ್ಮ ಮಕ್ಕಳಿಗೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಬೇಕೇ? ಒಂದು ಸರಕಾರದ ಮುದ್ರೆಯು ವಾಸದ ಹಕ್ಕನ್ನು ಕೊಡಬಹುದು. ಮನುಷ್ಯನ ಬೆಲೆಯನ್ನು ಅದು ಕಟ್ಟಲಾರದು.

ಈ ಮಾತನ್ನು ಹೇಳುವಾಗ ಅವರ ಕಷ್ಟವನ್ನು ನಾವು ಹಗುರವಾಗಿ ಕಾಣುವುದಿಲ್ಲ. ತಂದೆತಾಯಿಗಳೊಡನೆ ಅವಲಂಬಿತರಾಗಿ ಹೋದ ಮಕ್ಕಳಿಗೆ ೨೧ ವರುಷ ತುಂಬಿದರೆ, ಅವರು ಆ ಅರ್ಜಿಯಿಂದಲೇ ಹೊರಬೀಳುವ ಭಯವುಂಟು. ಎರಡು ವರುಷದ ಕೂಸಾಗಿ ಹೋದ ಹುಡುಗಿ, ಬೇರೆ ನಾಡನ್ನೇ ಕಾಣದವಳು, ಕಾಲೇಜಿನಲ್ಲಿರುವಾಗ ಪರಕೀಯಳಾಗುವಳು. ೨೦೦೨ರ ಕಾನೂನೊಂದು, ಉದ್ಯೋಗದಾತನ ಅರ್ಜಿಯು ವಿಚಾರಣೆಯಲ್ಲಿದ್ದ ದಿನಗಳನ್ನು ಮಗುವಿನ ವಯಸ್ಸಿನಿಂದ ಕಳೆಯಲು ಅವಕಾಶ ಕೊಟ್ಟಿದೆ; ಆದರೆ ಸಂಖ್ಯೆಗಾಗಿ ಕಾದ ವರುಷಗಳನ್ನು ಕಳೆಯುವುದಿಲ್ಲ. ಆದ್ದರಿಂದ ಮಗುವಿಗೆ ಹದಿನಾಲ್ಕು ಹದಿನೈದು ತುಂಬುವಾಗಲೇ ಲೆಕ್ಕ ಹಾಕಿ, ವಿದ್ಯಾರ್ಥಿ ವೀಸಾ ಮೊದಲಾದ ಬೇರೆ ದಾರಿಗಳನ್ನು ಯೋಚಿಸಿ, ಮಗುವಿಗೂ ಇದ್ದ ಸಂಗತಿಯನ್ನು ತಿಳಿಸುವುದು ಹೆತ್ತವರ ಧರ್ಮ. ಅಡಗಿಸಿಟ್ಟ ಭಯವು ಮಕ್ಕಳಿಗೆ ಹೇಗೂ ತಿಳಿಯುತ್ತದೆ. ಹೇಳಿದ ಸತ್ಯವಾದರೆ ಧೈರ್ಯವನ್ನು ಕೊಡುತ್ತದೆ. ಉದ್ಯೋಗಿಯ ಸಂಗಾತಿಯ ಪಾಡೂ ಸಣ್ಣದಲ್ಲ. ೨೦೧೫ರವರೆಗೆ ಅವಲಂಬಿತ ವೀಸಾದಲ್ಲಿ ಹೋದ ಎಷ್ಟೋ ವಿದ್ಯಾವಂತ ಸ್ತ್ರೀಯರು ಕೆಲಸ ಮಾಡುವಂತೆಯೇ ಇರಲಿಲ್ಲ. ಆ ವರ್ಷ ಕೆಲವರಿಗೆ ಅನುಮತಿ ದೊರೆಯಿತು. ಅಂಥ ಮನೆಯಲ್ಲಿ ಗಂಡನೊಬ್ಬನೇ ನಿರ್ಧರಿಸುವುದು ಸಲ್ಲದು. ಸತಿಪತಿಗಳು ಕೂಡಿ, ಎಲ್ಲಿಯವರೆಗೆ ಕಾಯುವುದು, ಯಾವುದಕ್ಕಾಗಿ ಕಾಯುವುದು, ಯಾವುದನ್ನು ತೆತ್ತು ಕಾಯಬಾರದು ಎಂಬುದನ್ನು ಮಾತನಾಡಿ ನಿಶ್ಚಯಿಸಬೇಕು. ಹಾಗೆ ನಿಶ್ಚಯಿಸಿ ತಾಯ್ನಾಡಿಗೆ ಮರಳಿದರೆ ಅದು ಸೋಲೆಂದು ಯಾರೂ ಎಣಿಸತಕ್ಕದ್ದಲ್ಲ. ಹೋದುದು ಕಾಯಕಕ್ಕಾಗಿ, ಕಾಯಕವು ಇಲ್ಲಿಯೂ ಉಂಟು.

ಇಲ್ಲಿರುವ ಹಿರಿಯರಿಗೂ ಒಂದೆರಡು ಮಾತು. ಮಗನು ಫೋನು ಮಾಡಿದಾಗ ಮೊದಲು “ಕಾಗದ ಬಂತೇನಪ್ಪಾ?” ಎಂದು ಕೇಳಬೇಡಿರಿ. “ಉಂಡೆಯೇನಪ್ಪಾ? ಮಕ್ಕಳು ಹೇಗಿದ್ದಾರೆ?” ಎಂದು ಕೇಳಿರಿ. ಕಾಗದ ಬಂದ ದಿನ ಅವನೇ ಹೇಳುತ್ತಾನೆ. ನೆಂಟರ ಮನೆಯಲ್ಲಿ, ಮದುವೆಯ ಚಪ್ಪರದಲ್ಲಿ, ಬೇರೆಯವರ ಮಗನಿಗೆ ಬೇಗ ಆಯಿತೆಂಬ ಹೋಲಿಕೆಯನ್ನು ಮಾಡಬೇಡಿರಿ. ಅವನ ವರ್ಗ ಬೇರೆ, ಸರದಿ ಬೇರೆ. ಅತಿ ಕಠಿಣವಾದುದು ಇನ್ನೊಂದು. ತಂದೆಯೋ ತಾಯಿಯೋ ಲಿಂಗೈಕ್ಯರಾದಾಗ ಮಗನು ಬರಲಾಗದೆ ಹೋಗಬಹುದು. ಬಂದರೆ ಮರಳುವ ವೀಸಾ ಮುದ್ರೆಗೆ ತಿಂಗಳುಗಟ್ಟಲೆ ಕಾಯಬೇಕಾದೀತು, ಅಲ್ಲಿ ಕೆಲಸವೂ ಮನೆಯೂ ಮಕ್ಕಳ ಶಾಲೆಯೂ ನಿಂತೀತು ಎಂಬ ಭಯದಿಂದ ಎಷ್ಟೋ ಮಂದಿ ದೂರದಿಂದಲೇ ಅತ್ತು ಸುಮ್ಮನಾದುದುಂಟು. ಅಂಥವನನ್ನು ಕೃತಘ್ನನೆಂದು ಕರೆಯಬೇಡಿರಿ. ಶಿವನಲ್ಲಿ ಒಂದಾದ ಜೀವದ ಸದ್ಗತಿಯು ಮಗನ ವಿಮಾನದ ವೇಳೆಯನ್ನು ಅವಲಂಬಿಸಿಲ್ಲ. ಆದರೆ ಮಕ್ಕಳೇ, ನಿಮಗೂ ಹೇಳುತ್ತೇವೆ: ಮರಣದ ಸುದ್ದಿಗಾಗಿ ಕಾಯದೆ, ತಂದೆತಾಯಿಗಳು ಮಾತನಾಡುವಾಗಲೇ, ಕಾನೂನು ಬಿಡುವಷ್ಟರಲ್ಲಿ, ಒಮ್ಮೆ ಬಂದು ಹೋಗಿರಿ. ಬರಲಾಗದಿದ್ದರೆ ಅವರನ್ನೇ ಕರೆಯಿಸಿಕೊಳ್ಳಿರಿ. ಕಾಗದವು ಇಂದಲ್ಲದಿದ್ದರೆ ಮುಂದೆ ಬಂದೀತು.

ಕಡೆಯದಾಗಿ, ಹರಕೆಯ ವಿಚಾರ. “ಗ್ರೀನ್ ಕಾರ್ಡು ಬಂದರೆ ಇಷ್ಟು ಕೊಡುತ್ತೇನೆ” ಎಂದು ಶಿವನೊಡನೆ ವ್ಯಾಪಾರ ಮಾಡುವುದು ಶರಣಮಾರ್ಗವಲ್ಲ. ಸರಕಾರದ ಲೆಕ್ಕದಲ್ಲಿ ಒಬ್ಬನನ್ನು ಮುಂದೆ ತಳ್ಳಿ ಇನ್ನೊಬ್ಬನನ್ನು ಹಿಂದೆ ನೂಕೆಂದು ಬೇಡುವುದು ಎಂಥ ಭಕ್ತಿ? ಹಿಂದೆ ನಿಂತವನೂ ಯಾವಳೋ ತಾಯಿಯ ಮಗನೇ. ಬೇಡುವುದಾದರೆ ತಾಳ್ಮೆಯನ್ನು ಬೇಡಿರಿ, ನೇರವಾದ ನಡೆಯನ್ನು ಬೇಡಿರಿ, ಬಂದುದನ್ನು ಒಪ್ಪುವ ಬಲವನ್ನು ಬೇಡಿರಿ. ಶರಣರಲ್ಲಿಯೂ ವಲಸೆ ಬಂದವರು ಅನೇಕರು. ಸೌರಾಷ್ಟ್ರದ ಆದಯ್ಯನು ಪುಲಿಗೆರೆಗೆ ಬಂದನು. ಮೋಳಿಗೆ ಮಾರಯ್ಯನು ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು ಕಲ್ಯಾಣದಲ್ಲಿ ಕಟ್ಟಿಗೆಯನ್ನು ಮಾರಿದನೆಂದು ಪರಂಪರೆ ಹೇಳುತ್ತದೆ. ಅರಸನು ಕಟ್ಟಿಗೆಯ ಹೊರೆಯನ್ನು ಹೊತ್ತಾಗ, ತನ್ನ ಹಳೆಯ ಪದವಿಯು ಎಂದು ಮರಳುವುದೆಂದು ದಾರಿ ನೋಡುತ್ತ ಕುಳಿತನೇ? ಆ ದಿನದ ಕಟ್ಟಿಗೆಯನ್ನು ಆ ದಿನ ಮಾರಿದನು, ಆ ದಿನದ ದಾಸೋಹವನ್ನು ಆ ದಿನ ಮಾಡಿದನು.

ಕರಸ್ಥಲದಲ್ಲಿ ನೆಲಸಿದ ಇಷ್ಟಲಿಂಗಕ್ಕೆ ಯಾವ ದೇಶದ ಅಪ್ಪಣೆಯೂ ಬೇಡ. ನ್ಯೂ ಜೆರ್ಸಿಯ ಬಾಡಿಗೆ ಮನೆಯಲ್ಲಿ ಮುಂಜಾನೆ ಎದ್ದು ಪೂಜಿಸುವವನಿಗೂ, ಗದಗಿನ ತೊಟ್ಟಿಯ ಮನೆಯಲ್ಲಿ ಪೂಜಿಸುವ ಅವನ ತಾಯಿಗೂ ಅದು ಒಂದೇ. ಅದನ್ನು ನೆನೆದು ಕಾಯುವವರ ಮನೆಗಳಲ್ಲಿ ಶಾಂತಿಯು ನೆಲಸಲಿ. ನ್ಯಾಯವಾದ ಕಾನೂನು ಬೇಗ ಬರಲಿ. ಅಲ್ಲಿಯವರೆಗೆ ಒಂದು ದಿನವೂ ಬರಿದಾಗಿ ಕಳೆಯದಿರಲಿ ಎಂದು ಹಾರೈಸುತ್ತೇವೆ.